ಗೋಡೆಯಾಚೆ ಹೋದ ಹಸಿರು ಚುಕ್ಕೆ

ದೊಡ್ಡನೆಕ್ಕುಂದಿಯ ಆ ಗೋದಾಮಿನಲ್ಲಿ ವಸಂತಮ್ಮನ ಕಣ್ಣಿಗೆ ಮರ್ಯಾದೆ ಕೊಡಬೇಕಾದವರು ಅಂತ ಒಬ್ಬರೂ ಬಿದ್ದಿರಲಿಲ್ಲ. ಗೋದಾಮು ನಿಂತಿದ್ದೇ ಅವಳ ಗಂಡ ನರಸಪ್ಪನ ರಾಗಿ ಹೊಲದ ಮೇಲೆ. ಜಾಗ ಬಾಡಿಗೆಗೆ ಕೊಡುವಾಗ ನರಸಪ್ಪ ಹೆಂಡತಿಗೊಂದು ಕೆಲಸ ಅಂತ ಮಾತು ಸೇರಿಸಿದ್ದ. ಹಾಗಾಗಿ ಅವಳು ಹೆಂಗಸರ ಸೂಪರ್‌ವೈಸರ್. ಊರ ಜನ ಫೋನಿನಲ್ಲಿ ಕೂತಲ್ಲೇ ತರಿಸಿಕೊಳ್ಳುವ ಸಾಮಾನನ್ನು ರ‍್ಯಾಕುಗಳಿಂದ ಹೆಕ್ಕಿ ತಳ್ಳುಗಾಡಿಗೆ ತುಂಬುವ ಹೆಂಗಸರು ಅವಳ ಕೈಕೆಳಗಿದ್ದರು. ಮುಕ್ಕಾಲು ಪಾಲು ರಾಯಚೂರು, ಯಾದಗಿರಿ ಕಡೆಯವರು. ಅವರ ಕಟಕು ರೊಟ್ಟಿ, ಅವರ ಬಿರುಸು ಮಾತು, ಗಾಡಿ ಹಾರ್ನ್ ಹೊಡೆದರೆ ಬೆದರುವ ಅವರ ರೀತಿ, ಒಂದೂ ಅವಳಿಗೆ ಸೇರುತ್ತಿರಲಿಲ್ಲ. ಆಫೀಸಿನವರೂ ಸೇರುತ್ತಿರಲಿಲ್ಲ. ಹೆಂಗಸರ ಮೇಲಿನ ತಾತ್ಸಾರವನ್ನು ಬಾಯಿಬಿಟ್ಟು ಆಡುತ್ತಿದ್ದಳು, ಆಫೀಸಿನವರ ಮೇಲಿನದನ್ನು ನುಂಗಿಕೊಳ್ಳುತ್ತಿದ್ದಳು, ಅಷ್ಟೇ ವ್ಯತ್ಯಾಸ.

ಅವತ್ತು ಆಫೀಸಿನ ಗಾಜಿನ ಕೋಣೆಯಲ್ಲಿ ಹನುಮವ್ವ ಕೈಕಟ್ಟಿ ನಿಂತಿದ್ದಳು. ಲಿಂಗಸುಗೂರು ಕಡೆಯವಳು, ವಸಂತಮ್ಮನ ವಠಾರದಲ್ಲೇ ಬಾಡಿಗೆಗಿದ್ದಳು. ಮೇಜಿನಾಚೆ ಎಂಜಿನಿಯರ್ ದಿವ್ಯಾ ಕಂಪ್ಯೂಟರಿನ ಪರದೆಯನ್ನು ವಸಂತಮ್ಮನ ಕಡೆ ತಿರುಗಿಸಿದಳು.

"ನೋಡಿ, ಈ ಹಸಿರು ಚುಕ್ಕೆ ಹನುಮವ್ವನ ಫೋನ್. ದಸರಾ ಆದ್ಮೇಲೆ ದಿನಾ ಹೀಗೇ. ಗೋಡೆ ದಾಟಿ ಹಿಂದಿನ ಮೋರಿ ಹತ್ರ ಹೋಗುತ್ತೆ. ಅದೇ ಟೈಮಲ್ಲಿ ಸ್ಟಾಕ್ ಕಮ್ಮಿ ಆಗ್ತಿದೆ. ಇವರನ್ನ ಇವತ್ತೇ ಕಳಿಸ್ಬಿಡಿ."

"ನಾ ಎಲ್ಲಿಗೂ ಹೋಗಿಲ್ರಿ ಮೇಡಂ," ಹನುಮವ್ವ ಅಂದಳು. "ನೀರು ಕುಡ್ಯಾಕ ಹೋಗಬೇಕಂದ್ರೂ ಅಕ್ಕಾರನ್ನ ಕೇಳೇ ಹೋಗ್ತೀನ್ರಿ. ಕಳ್ಳಿ ಅಂತ ಹೊರಗ ಹಾಕಿದ್ರ ಈ ರಿಂಗ್ ರೋಡಿನಾಗ ನನ್ನ ಯಾರು ಒಳಗ ಬಿಡ್ತಾರ್ರಿ?"

ಅದು ನಿಜ. ಒಂದು ಗೋದಾಮಿನಲ್ಲಿ ಕಳ್ಳಿ ಅನ್ನಿಸಿಕೊಂಡವಳ ಮುಖ ಮಿಕ್ಕ ಗೋದಾಮಿನ ಗೇಟಿನವರಿಗೂ ಗೊತ್ತಾಗಿಬಿಡುತ್ತಿತ್ತು.

ಶ್ರಾವಣದಲ್ಲಿ ದಿವ್ಯಾ ಸೂರಿನ ಉದ್ದಕ್ಕೂ ಸಣ್ಣ ಪೆಟ್ಟಿಗೆಗಳನ್ನು ಹೊಡೆಸಿದ್ದಳು. ಅವು ಬಿಡದೆ ಕೂಗುತ್ತವಂತೆ. ಬಾವಲಿಯ ಕೂಗಿನ ಹಾಗೆ ಮನುಷ್ಯರ ಕಿವಿಗೆ ಬೀಳುವುದಿಲ್ಲವಂತೆ. ಹೆಂಗಸರ ಕೊರಳಿಗೆ ನೇತುಹಾಕಿದ ಫೋನು ಆ ಕೂಗು ಕೇಳಿ ತಾನೆಲ್ಲಿದ್ದೇನೆಂದು ಲೆಕ್ಕ ಹಾಕುತ್ತದೆ, ಜೊತೆಗೆ ಹೆಜ್ಜೆಯನ್ನೂ ತಿರುವನ್ನೂ ಗುರುತಿಟ್ಟುಕೊಳ್ಳುತ್ತದೆ. ಕೂಗು ಕೇಳದಿದ್ದರೆ ಬರೀ ಹೆಜ್ಜೆಯ ಅಂದಾಜಿನ ಮೇಲೆ ಚುಕ್ಕೆಯನ್ನು ಓಡಿಸುತ್ತದಂತೆ. ಅದು ಕೇಳಿದಾಗಲೇ ವಸಂತಮ್ಮನಿಗೆ ನಗು ಬಂದಿತ್ತು. ಬಾವಲಿ ಮನೆ ಹೊಕ್ಕರೆ ಪೊರಕೆ ಹಿಡಿದು ಓಡಿಸುತ್ತಾರೆ. ಇವರು ಸಂಬಳ ಕೊಟ್ಟು ಸಾಕುತ್ತಾರೆ.

"ಮೇಡಮ್ಮೋರೆ, ಇವ್ಳು ಆಚೆ ಓಗಿಲ್ಲ," ಎಂದಳು ವಸಂತಮ್ಮ. "ನಾನೇ ಕಣ್ಣಾರೆ ಕಂಡಿವ್ನಿ. ದಿನಾ ಸೋಪಿನ ಸಾಲಲ್ಲೇ ಬಿದ್ದಿರ್ತಾಳೆ."

ಹೀಗೆ ಅಂದದ್ದು ಹನುಮವ್ವನ ಮೇಲಿನ ಮರುಕಕ್ಕಲ್ಲ. ತನ್ನ ಕಣ್ತಪ್ಪಿಸಿ ಆ ಮಂಕು ಹೆಂಗಸು ಗೋಡೆ ದಾಟಿದಳು ಅನ್ನುವುದು ತನಗೇ ಅವಮಾನ ಅಂತ.

ದಿವ್ಯಾ ನಕ್ಕಳು. "ಆಂಟಿ, ನಿಮ್ಮ ಕಣ್ಣಿಗಿಂತ ಇದು ಕರೆಕ್ಟ್. ಸದ್ದು ಗೋಡೆ ದಾಟಲ್ಲ. ಫೋನ್‌ಗೆ ಸದ್ದು ಕೇಳಿಲ್ಲ ಅಂದ್ರೆ ಅವರು ಒಳಗಿಲ್ಲ. ಸಿಂಪಲ್."

ಆಂಟಿ! ತನ್ನ ಹೊಲದಲ್ಲಿ ನಿಂತು, ತನ್ನ ಕಣ್ಣಿಗೆ ಬೆಲೆಯಿಲ್ಲ ಅನ್ನುತ್ತಿದ್ದಾಳೆ ಈ ಕಡ್ಡಿ ಹುಡುಗಿ. ವಸಂತಮ್ಮನಿಗೆ ಮೈಯೆಲ್ಲ ಉರಿಯಿತು.

"ಅಂಗಾದ್ರೆ ಅದ್ಕೆ ಕಿವಿ ಎಲ್ಲೈತೆ ಮೇಡಂ? ತೋರ್ಸಿ, ನಾವೂ ನೋಡನ."

"ಇಲ್ಲಿ, ಕೆಳಗಡೆ. ಸಣ್ಣ ತೂತು." ದಿವ್ಯಾ ತನ್ನ ಫೋನನ್ನು ತಿರುಗಿಸಿ ತೋರಿಸಿ, ಮತ್ತೆ ಪರದೆಯತ್ತ ಕಣ್ಣು ಹಾಕಿದಳು.

ವಸಂತಮ್ಮ ಮೇಜಿನ ಮೇಲಿದ್ದ ಹನುಮವ್ವನ ಫೋನನ್ನು ಎತ್ತಿ ಬುಡ ನೋಡಿದಳು. ತೂತು ಕಾಣಲಿಲ್ಲ. ಅದರ ಜಾಗದಲ್ಲಿ ಕೆಂಪಗೆ ಹೆಪ್ಪುಗಟ್ಟಿತ್ತು.

ಕುಂಕುಮ.

ಅವಳಿಗೆ ತಟ್ಟನೆ ಹೊಳೆಯಿತು. ಆಯುಧಪೂಜೆಯ ದಿನ ತಳ್ಳುಗಾಡಿ, ಡಬ್ಬ ಕೊಯ್ಯುವ ಚಾಕು, ತಕ್ಕಡಿಗಳ ಜೊತೆ ಫೋನುಗಳನ್ನೂ ಜಮಖಾನದ ಮೇಲೆ ಸಾಲಾಗಿ ಇಟ್ಟಿದ್ದರು. ಹೊಲದೊಡತಿ ತಾನಿರುವಾಗ ಬೇರೆಯವರು ಪೂಜೆ ಮಾಡುವುದುಂಟೆ? ನೀರಲ್ಲಿ ಕಲಸಿದ ಕುಂಕುಮವನ್ನು ತನ್ನ ಫೋನಿಗೆ ಉಂಗುರದ ಬೆರಳಿನಿಂದ ಬೆನ್ನಿನ ನಡುವೆ ಸಾಸಿವೆಯಷ್ಟು ಇಟ್ಟಿದ್ದಳು. ಮಿಕ್ಕವಕ್ಕೆ ಹೆಬ್ಬೆಟ್ಟಿನಿಂದ ಬಳಿದುಕೊಂಡು ಹೋಗಿದ್ದಳು. ಎಲ್ಲ ಮುಗಿದ ಮೇಲೆ ಹನುಮವ್ವ ಓಡಿ ಬಂದು, "ನಂದೊಂದು ಉಳೀತ್ರಿ ಅಕ್ಕಾರ," ಎಂದು ಫೋನು ಚಾಚಿದ್ದಳು. ವಸಂತಮ್ಮ ಹಣೆ ಯಾವುದು ಬುಡ ಯಾವುದು ಅಂತಲೂ ನೋಡದೆ, ಹೆಬ್ಬೆಟ್ಟಿನಲ್ಲಿ ಅಂಟಿದ್ದ ರಾಡಿಯನ್ನು ಅದರ ಬುಡಕ್ಕೆ ಒರೆಸಿದ್ದಳು, ಬಾಗಿಲ ಚಿಂದಿಗೆ ಕಾಲೊರೆಸುವ ಹಾಗೆ. ಹನುಮವ್ವ ಅದನ್ನೇ ಕಣ್ಣಿಗೊತ್ತಿಕೊಂಡಿದ್ದಳು. ಪೂಜೆಯ ಕುಂಕುಮ ಯಾರೂ ಅಳಿಸಕೂಡದು, ತಾನಾಗಿ ಉದುರಬೇಕು ಎಂದು ಎಲ್ಲರೆದುರು ಕಟ್ಟಪ್ಪಣೆ ಮಾಡಿದವಳೂ ವಸಂತಮ್ಮನೇ. ಮಿಕ್ಕವರದು ಬೆವರಿಗೆ ಅಳಿಸಿತು. ಹನುಮವ್ವ ಮಾತ್ರ ಸೆರಗು ತಾಗದ ಹಾಗೆ ಕಾಪಾಡಿಕೊಂಡಿದ್ದಳು.

ಸುಮ್ಮನಿದ್ದರೆ ಮುಗಿಯಿತು. ಇವಳು ಹೋದರೆ ರೈಲಿನಲ್ಲಿ ಇನ್ನೊಬ್ಬಳು ಇಳಿಯುತ್ತಾಳೆ. ಆದರೆ ಸುಮ್ಮನಿದ್ದರೆ ಆ ಹುಡುಗಿಯ ಬಾವಲಿ ಗೆಲ್ಲುತ್ತದೆ, ತನ್ನ ಕಣ್ಣು ಸೋಲುತ್ತದೆ. ಬಾಯಿಬಿಟ್ಟರೆ ತನ್ನ ಹೆಬ್ಬೆಟ್ಟಿನ ಮಾತು ಬರುತ್ತದೆ. ವಸಂತಮ್ಮ ಎರಡನ್ನೂ ಒಪ್ಪಲಿಲ್ಲ. ತಾಳಿಯ ಸರದಿಂದ ಪಿನ್ನು ಕಳಚಿ ಆ ಹೆಪ್ಪನ್ನು ಕೆದಕಿದಳು. ಕೆಂಪು ಚೂರುಗಳು ಮೇಜಿನ ಮೇಲೆ ಉದುರಿದವು.

"ತಗಳಮ್ಮೀ, ಕೊರಳ್ಗಾಕ್ಕೊಂಡು ಸಾಲಿನ ತಂಕ ಓಗಿ ಬಾ," ಎಂದಳು.

ಹನುಮವ್ವ ಹೊರಟಳು. ಮೋರಿಯ ಹತ್ತಿರ ನಿಂತಿದ್ದ ಹಸಿರು ಚುಕ್ಕೆ ಪರದೆಯ ಮೇಲೆ ಒಮ್ಮೆ ನಡುಗಿ, ಗೋಡೆ ಹಾರಿ ಒಳಗೆ ಬಂದು, ಸೋಪಿನ ಸಾಲಿನಲ್ಲಿ ಅವಳ ಜೊತೆಗೇ ನಡೆಯತೊಡಗಿತು.

"ಓ," ಎಂದಳು ದಿವ್ಯಾ. "ಮೈಕ್ ಬ್ಲಾಕ್ ಆಗಿತ್ತು. ಏನದು ಕೆಂಪಗೆ?"

"ಕೊಳೆ ಮೇಡಂ. ಖಾರದ ಪುಡಿ ಮೆತ್ಕೊಂಡ ಕೈಲೇ ಎಲ್ಲಾನೂ ಮುಟ್ತಾರೆ. ಏಳೀ ಏಳೀ ನನ್ನ ಬಾಯಿ ಬಿದ್ದೋಯ್ತು. ನಾನಂದ್ನಲ್ಲ, ನನ್ನ ಕಣ್ಣು ಸುಳ್ಳಾಡಕಿಲ್ಲ ಅಂತ."

"ಛೀ," ಎಂದು ದಿವ್ಯಾ ಕಾಗದದಲ್ಲಿ ಮೇಜು ಒರೆಸಿದಳು. ಆ ಕೆಂಪು ಅಲ್ಲಿಗೆ ಹೇಗೆ ಬಂತೆಂದು ಯೋಚಿಸುವ ತಾಳ್ಮೆಯಾಗಲಿ, ತಾನು ಒಬ್ಬಳನ್ನು ಕಳ್ಳಿ ಅಂದೆನೆಂಬ ನೆನಪಾಗಲಿ ಆ ಮುಖದಲ್ಲಿ ಕಾಣಲಿಲ್ಲ. ಹನುಮವ್ವ ವಾಪಸು ಬಂದೊಡನೆ, "ಕೆಲಸ ಮಾಡ್ಕೊಂಡ್ ಹೋಗಿ. ಆದ್ರೆ ಕಂಪನಿ ಫೋನ್ ಇಷ್ಟು ಗಲೀಜು ಇಟ್ಕೋಬಾರ್ದು. ಖಾರದ ಪುಡಿ ಎಲ್ಲಾ ಮೆತ್ಕೊಂಡು... ಸಾರಿ ಕೇಳಿ," ಎಂದಳು.

ಹನುಮವ್ವನ ಕಣ್ಣು ಮೇಜಿನ ಮೇಲೆ ಉಳಿದಿದ್ದ ಕೆಂಪಿಗೆ ಹೋಯಿತು. ಅಲ್ಲಿಂದ ವಸಂತಮ್ಮನ ಕೈಗೆ. ಅವಳಿಗೆ ಎಲ್ಲ ತಿಳಿಯಿತು ಅನ್ನುವುದು ವಸಂತಮ್ಮನಿಗೂ ತಿಳಿಯಿತು. ಈಗ ಬಾಯಿ ಬಿಡುತ್ತಾಳೆ ಎಂದು ಕಾದಳು. ಬಾಯಿ ಬಿಟ್ಟರೆ ತನ್ನ ವಠಾರದ ಬಾಡಿಗೆ ಕೋಣೆ ಕೈತಪ್ಪುತ್ತದೆಂಬ ನೆನಪು ಇವಳಿಗಿದೆ ತಾನೆ ಎಂದೂ ಯೋಚಿಸಿದಳು.

"ತಪ್ಪಾತ್ರಿ ಮೇಡಂ," ಎಂದಳು ಹನುಮವ್ವ, ಯಾವ ಅಳುಕೂ ಇಲ್ಲದೆ. ಬಾಗಿಲ ಹತ್ತಿರ ನಿಂತು ತಿರುಗಿದಳು. "ಪಿನ್ ಒರೆಸ್ಕೋರಿ ಅಕ್ಕಾರ. ನಿಮ್ಮ ಸೀರಿಗಿ ಹತ್ತೀತು."

ಪಿನ್ನು ಹಿಡಿದ ಕೈಯನ್ನು ಇನ್ನೊಮ್ಮೆ ನೋಡಿ, ಅವಳು ತಳ್ಳುಗಾಡಿಯ ಕಡೆ ನಡೆದಳು.

ವಸಂತಮ್ಮನ ನಾಲಿಗೆಯ ತುದಿಗೆ ಬೈಗುಳ ಬಂತು. ಬಯ್ದರೆ ಯಾಕೆ ಬಯ್ದೆ ಅಂತ ದಿವ್ಯಾ ಕೇಳುತ್ತಾಳೆ. ನುಂಗಿಕೊಂಡಳು. ಆಮೇಲೆ, ಯಾರೂ ನೋಡುತ್ತಿಲ್ಲವೆಂದು ಖಾತ್ರಿ ಮಾಡಿಕೊಂಡು, ಪಿನ್ನು ಒರೆಸಿದಳು.