ಗೀರು ಬಿದ್ದ ಓಲೆ

ಕುರುಗೋಡಿನ ಸುನಂದಾ ಟೀಚರು ಮೂವತ್ತು ವರ್ಷ ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಮಾಡಿದವರು. ವಜ್ರದಷ್ಟು ಗಟ್ಟಿ ವಸ್ತು ಇನ್ನೊಂದಿಲ್ಲ, ಅದರ ಮೇಲೆ ಯಾವುದರಿಂದಲೂ ಗೀರು ಬೀಳುವುದಿಲ್ಲ ಎಂದು ಎಷ್ಟು ಮಕ್ಕಳಿಗೆ ಬಾಯಿಪಾಠ ಮಾಡಿಸಿದ್ದರೋ. ಆ ಒಂದು ವಾಕ್ಯವನ್ನು ನಂಬಿ ಒಡಹುಟ್ಟಿದ ತಂಗಿಯನ್ನೇ ಬಿಟ್ಟರು. ಓದಿದವರ ಹಟ ಅಂದರೆ ಹಾಗೇ, ಪುಸ್ತಕ ಹಿಡಿದುಕೊಂಡು ಕೂತುಬಿಡುತ್ತದೆ.

ಅವ್ವ ಬಿಟ್ಟುಹೋದದ್ದು ಒಂದೇ ಜೊತೆ ವಜ್ರದ ಓಲೆ, ಒಂದೊಂದಕ್ಕೆ ಒಂದೊಂದು ಹರಳು. ಹೆಣ್ಣುಮಕ್ಕಳು ಇಬ್ಬರು. ಜೋಡಿ ಒಡೆಯಬೇಡಿ, ಒಂದು ವರ್ಷ ಸುನಂದಾ, ಒಂದು ವರ್ಷ ಅರುಣಾ ಹಾಕಿಕೊಳ್ಳಲಿ, ಕೊಡುವಾಗ ನನ್ನ ಸೀರೆಯ ಚೂರಿನಲ್ಲಿ ಎರಡನ್ನೂ ಒಂದೇ ಗಂಟು ಕಟ್ಟಿ ಕೊಡಿ ಎಂದಿದ್ದಳು. ಒಂದು ಯುಗಾದಿಗೆ ಆ ಗಂಟು ಬಸ್ಸಿನಲ್ಲಿ ಸಿರುಗುಪ್ಪದ ಅರುಣಾಳ ಮನೆಗೆ ಹೋಗುತ್ತಿತ್ತು, ಮರು ಯುಗಾದಿಗೆ ಕುರುಗೋಡಿಗೆ ವಾಪಸಾಗುತ್ತಿತ್ತು.

ಒಂಬತ್ತು ವರ್ಷದ ಹಿಂದೆ ಅರುಣಾ ತಂದುಕೊಟ್ಟ ಗಂಟು ಬಿಚ್ಚಿದರೆ, ಒಂದು ಹರಳಿನ ಮೇಲೆ ಕೂದಲೆಳೆಯಷ್ಟು ಗೀರು. ಗೀರು ಬಿದ್ದರೆ ಅದು ವಜ್ರವಲ್ಲ. ವಜ್ರವಲ್ಲದಿದ್ದರೆ ತಂಗಿ ಹರಳು ಬದಲಾಯಿಸಿದ್ದಾಳೆ. ಮುಖಕ್ಕೆ ಹೊಡೆದ ಹಾಗೆ ಹೇಳಿಯೂಬಿಟ್ಟರು. ಅರುಣಾ ಒಂದು ಮಾತೂ ಎದುರಾಡದೆ ಮುಂದಿನ ಬಸ್ಸಿಗೆ ಎದ್ದುಹೋದಳು. ಸುಮ್ಮನಿದ್ದದ್ದೇ ತಪ್ಪೊಪ್ಪಿಗೆ ಎಂದುಕೊಂಡರು ಟೀಚರು.

ಮದುವೆಯಾಗದ ಅವರಿಗೆ ತಂಗಿ ಬಿಟ್ಟರೆ ಯಾರಿದ್ದರು? ನಿವೃತ್ತಿಯಾದ ಮೇಲಂತೂ ಮನೆ ಬಿಕೋ ಎನ್ನುತ್ತಿತ್ತು. ಯುಗಾದಿ ಬಂದರೆ ಒಬ್ಬರೇ ಬೇವು-ಬೆಲ್ಲ ಮಾಡಿ, ತಿನ್ನು ಎನ್ನಲು ಎದುರಿಗೆ ಯಾರೂ ಇಲ್ಲದೆ, ಬಾಗಿಲ ಸಪ್ಪಳಕ್ಕೆ ಕಿವಿಗೊಟ್ಟು ಕೂರುತ್ತಿದ್ದರು. ಬಂದವರು ಹಾಲಿನವರಾಗಿರುತ್ತಿದ್ದರು.

ಈ ವರ್ಷ ಆ ಓಲೆ ಕಣ್ಣೆದುರಿಗೇ ಬೇಡವೆನಿಸಿ, ಬಂಗಾರವನ್ನಾದರೂ ಕರಗಿಸಿ ಉಂಗುರ ಮಾಡಿಸೋಣವೆಂದು ಬಳ್ಳಾರಿಗೆ ಹೋದರು. ಬೆಂಗಳೂರು ರೋಡಿನಲ್ಲಿ ಒಡವೆ ಅಂಗಡಿ ಇಟ್ಟ ಕರಿಬಸವ ಅವರ ಹಳೆಯ ಶಿಷ್ಯ. ಭೂತಗನ್ನಡಿ ಹಿಡಿದು ಬಹಳ ಹೊತ್ತು ನೋಡಿದ, ವಜ್ರ ಪರೀಕ್ಷಿಸುವ ಯಂತ್ರಕ್ಕೂ ಮುಟ್ಟಿಸಿದ.

“ಎರಡೂ ವಜ್ರಾನೇ ಅದಾವ್ರಿ ಟೀಚರ್. ವಜ್ರದ ಮ್ಯಾಲೆ ಗೀರು ಬೀಳಾಕ ಇನ್ನೊಂದು ವಜ್ರಾನೇ ಬೇಕು. ಎರಡನ್ನೂ ಒಂದ ಗಂಟಿನ್ಯಾಗ ಕಟ್ಟಿ ಇಡ್ತಿದ್ರೇನ್ರಿ?”

ಬಸ್ಸಿನ ಕುಲುಕಾಟದಲ್ಲಿ ಅವ್ವನ ಹರಳುಗಳು ಒಂದಕ್ಕೊಂದು ಉಜ್ಜಿಕೊಂಡಿದ್ದವು. ‘ಇನ್ನೊಂದು ವಜ್ರವನ್ನು ಬಿಟ್ಟು’ ಎಂಬ ಮಾತು ಪಾಠದಲ್ಲಿತ್ತು. ಅದನ್ನು ಟೀಚರು ತಾವೇ ನುಂಗಿ ಮೂವತ್ತು ವರ್ಷ ಕಲಿಸಿದ್ದರು. ಕರಿಬಸವ ಬೇರೆ ಬೇರೆ ಇಡಿರೆಂದು ಎರಡು ಪುಟ್ಟ ಡಬ್ಬಿ ಕೊಟ್ಟ.

ಅವರು ಊರಿಗೆ ಮರಳದೆ ಸಿರುಗುಪ್ಪದ ಬಸ್ಸು ಹತ್ತಿದರು. ಏನು ಹೇಳಬೇಕೆಂದು ತೆಕ್ಕಲಕೋಟೆ ದಾಟುವವರೆಗೂ ಉರುಹೊಡೆದರು; ತಂಗಿ ಬಾಗಿಲು ತೆರೆದಾಗ ಒಂದೂ ನೆನಪಾಗಲಿಲ್ಲ. ಅರುಣಾಳ ತಲೆ ಪೂರ್ತಿ ಬೆಳ್ಳಗಾಗಿತ್ತು. ಡಬ್ಬಿಗಳನ್ನು ಮುಂದೆ ಹಿಡಿದು, ಕರಿಬಸವ ಹೇಳಿದ್ದನ್ನೆಲ್ಲ ಹೇಳಿ, ತಪ್ಪಾಯಿತು ಎಂದರು.

ಅರುಣಾ ಗೀರಿನ ಓಲೆಯನ್ನು ಬೆಳಕಿಗೆ ಹಿಡಿದು ನೋಡಿದಳು.

“ಈ ಗೀರು ನೀ ನನಗ ಕೊಟ್ಟಾಗನ ಇತ್ತಕ್ಕ. ನಿನ್ನ ಪಾಠಾನೇ ನಂಬಿ, ನೀನ ಹರಳು ಬದ್ಲಿ ಮಾಡೀದಿ ಅಂತ ತಿಳಕೊಂಡಿದ್ದೆ. ಏನ್ ಅಡಚಣಿ ಬಂದಿತ್ತೋ ಪಾಪ ಅಂತ ವರ್ಷಪೂರ್ತಿ ಅದನ್ನ ಹಾಕ್ಕೊಂಡು ಸುಮ್ನಿದ್ದೆ. ನೀ ನನ್ನ ಮ್ಯಾಲೆ ಹೊರಿಸಿದಾಗ್ಲೂ ನಿನ್ನ ಮರ್ಯಾದಿ ಹೋಗಬಾರ್ದು ಅಂತ ಬಾಯಿ ಬಿಡಲಿಲ್ಲ.”

ಓಲೆಯನ್ನು ಡಬ್ಬಿಗೆ ಹಾಕಿ ಮುಚ್ಚಿ ಅಕ್ಕನ ಕೈಗೆ ಕೊಟ್ಟಳು. ಒಳಗೆ ಬಾ ಎಂದು ಮಾತ್ರ ಅನ್ನಲಿಲ್ಲ.