ಗೋಡೆ ಸಂದಿಯ ಉಣ್ಣಿ

“ಔಷಧಿ ಹೊಡೀಬೇಕಂತೆ ಔಷಧಿ. ಗಬ್ಬದ ನಾಯಿಗಳು ಕಂದು ಹಾಕಿದ್ರೆ ನೀನು ಹೆತ್ತು ಕೊಡ್ತೀಯೇನೇ ಮುಂಡೆ?”

ಯಜಮಾನನ ಬೈಗುಳಕ್ಕೆ ಬಕೆಟ್ಟಮ್ಮ ತಲೆ ಎತ್ತಲಿಲ್ಲ. ಗೂಡಿನ ನೆಲಕ್ಕೆ ನೀರು ಸುರಿದು ಪೊರಕೆಯಿಂದ ಗಸಗಸ ಉಜ್ಜುತ್ತಲೇ ಇದ್ದಳು. ದುಬಾರಿ ಜಾತಿಯ ನಾಯಿ ಸಾಕಿ ಮರಿ ಮಾರುವ ಜಾಗ ಅದು. ಕೈಯಲ್ಲಿ ಸದಾ ಬಕೆಟ್ ಇರುತ್ತಿದ್ದುದರಿಂದ ಅವಳಿಗೆ ಆ ಹೆಸರು ಅಂಟಿಕೊಂಡಿತ್ತು.

“ನಮ್ಮ ರೂಮಿನ ಗೋಡೆಗಾದ್ರೂ ಹೊಡೆಸಿ ಸಾರ್. ಸಂದೀಲೆಲ್ಲ ಉಣ್ಣಿ ಹರೀತಿದಾವೆ. ಮಗಳ ವಿಷಯ ನಿಮಗೆ ಗೊತ್ತಲ್ಲ.”

“ಗೊತ್ತು ಗೊತ್ತು, ಮಹಾರಾಣಿ. ಕೂತಲ್ಲೇ ತಿಂದ್ಕೊಂಡಿದಾಳೆ. ನಾಳೆಯಿಂದ ನಾಯಿ ಕೂದ್ಲು ಬಾಚೋಕೆ ಕಳ್ಸು. ಇಲ್ಲಾಂದ್ರೆ ಗಂಟುಮೂಟೆ ಕಟ್ಟು,” ಎಂದು ಯಜಮಾನ ನಡೆದ.

ನಾಯಿಗೂಡಿನ ಹಿಂಗೋಡೆಯೇ ಅವರ ರೂಮಿನ ಮುಂಗೋಡೆ. ಆಚೆ ಫ್ಯಾನು, ಈಚೆ ಸೆಕೆ. ಹೋದ ವರ್ಷ ಬಕೆಟ್ಟಮ್ಮನ ಒಂದು ಕಿಡ್ನಿ ತೆಗೆದು ಮಗಳಿಗೆ ಹಾಕಿದ್ದರು. ಮೈ ಅದನ್ನು ಹೊರಗಟ್ಟದ ಹಾಗೆ ಮೈಯ ಕಾವಲನ್ನೇ ಮಂಕು ಮಾಡುವ ಮಾತ್ರೆಗಳನ್ನು ಮಗಳು ಬದುಕಿರುವ ತನಕ ನುಂಗಬೇಕಿತ್ತು. ಬೇರೆಯವರಿಗೆ ಬಂದು ಹೋಗುವ ಜ್ವರ ಇವಳಿಗೆ ಬಂದರೆ ಹೋಗುವುದಿಲ್ಲ ಅಂತ ಆಪರೇಷನ್ ಮಾಡಿದ ಡಾಕ್ಟರಮ್ಮ ಆಗಲೇ ಹೇಳಿದ್ದರು.

ಮಗಳು ನಾಯಿ ಬಾಚಲು ಹೋದಳು. ಪ್ರತಿ ಸಂಜೆ ಬಕೆಟ್ಟಮ್ಮ ಅವಳನ್ನು ಬಾಗಿಲ ಬೆಳಕಿನಲ್ಲಿ ಕೂರಿಸಿ ಬೈತಲೆ, ಕಿವಿ ಹಿಂದೆ, ಕಂಕುಳು ಎಲ್ಲ ಜಾಲಾಡುತ್ತಿದ್ದಳು.

“ನಿನ್ನ ಕಿಡ್ನಿ ನಿನ್ನ ಹಾಗೇ ಕಣಮ್ಮ,” ಮಗಳು ನಗುತ್ತಿದ್ದಳು. “ಕೋಳಿ ಕೂಗೋಕೆ ಮುಂಚೆ ಎಬ್ಬಿಸುತ್ತೆ.”

“ಬಾಯಿ ಮುಚ್ಕೊಂಡು ತಲೆ ಬಗ್ಗಿಸು.”

ಆದರೂ ಒಂದು ಉಣ್ಣಿ ತಪ್ಪಿಸಿಕೊಂಡಿತ್ತು. ಹೊಕ್ಕುಳೊಳಗೆ ಸಿಕ್ಕಾಗ ರಕ್ತ ಕುಡಿದು ಹುಣಸೆಬೀಜದಷ್ಟು ಊದಿತ್ತು. ವಾರ ಕಳೆಯುವಷ್ಟರಲ್ಲಿ ಮಗಳು ತಲೆ ಸಿಡಿಯುತ್ತೆ ಅಂತ ಗೋಡೆಗೆ ಹಣೆ ಒತ್ತಿಕೊಂಡು ಕೂತಳು. ಮೈ ಕಾದ ಹೆಂಚಾಗಿತ್ತು.

ಆಸ್ಪತ್ರೆಗೆ ಹೊರಟಾಗ ಯಜಮಾನ ಗೇಟಿನಲ್ಲೇ ತಡೆದ. “ಉಣ್ಣಿ ಗಿಣ್ಣಿ ಅಂತ ಅಲ್ಲಿ ಬಾಯಿ ಬಿಟ್ಟೆಯೋ, ವಾಪಸ್ ಬರೋಕೆ ನಿನಗೆ ಜಾಗ ಇರಲ್ಲ. ನನ್ನ ವ್ಯಾಪಾರ ಹಾಳು ಮಾಡ್ಬೇಡ.”

ಬೇರೆ ಎಲ್ಲಿಗೆ ಹೋಗುವುದು? ಬಕೆಟ್ಟಮ್ಮ ಬಾಯಿಗೆ ಬೀಗ ಹಾಕಿಕೊಂಡಳು.

ಡ್ಯೂಟಿ ಡಾಕ್ಟರ್ ಕಣ್ಣೆತ್ತಿ ಕೂಡ ನೋಡಲಿಲ್ಲ. “ಮಾತ್ರೆ ನೆಟ್ಟಗೆ ನುಂಗಿರಲ್ಲ. ನಿಮ್ಮಂಥೋರಿಗೆ ಕಿಡ್ನಿ ಹಾಕೋದೇ ದಂಡ.” ಮೈ ಕಿಡ್ನಿಯನ್ನು ಒಲ್ಲೆ ಅನ್ನುತ್ತಿದೆ ಅಂದುಕೊಂಡು ಕಾವಲನ್ನು ಇನ್ನಷ್ಟು ಮಂಕು ಮಾಡುವ ಇಂಜೆಕ್ಷನ್ ಏರಿಸಿದ. ಜ್ವರಕ್ಕೆ ಬಾಗಿಲು ತೆರೆದಂತಾಯಿತು. ಮಗಳಿಗೆ ತಾಯಿಯ ಗುರುತೂ ಸಿಗದಾಯಿತು.

ಹಳೆಯ ಡಾಕ್ಟರಮ್ಮ ರಜೆ ಮುಗಿಸಿ ಬಂದು ರಕ್ತ ಮತ್ತೆ ಪರೀಕ್ಷೆಗೆ ಕಳಿಸಿದರು. “ಇದು ಉಣ್ಣಿ ಕಚ್ಚಿ ಬರೋ ಜ್ವರ. ಯಾಕಮ್ಮ ಮೊದಲೇ ಹೇಳ್ಲಿಲ್ಲ?”

ಬಕೆಟ್ಟಮ್ಮ ಬಟ್ಟೆ ಸರಿಸಿ ಮಗಳ ಹೊಕ್ಕುಳಲ್ಲಿ ಕಚ್ಚಿದ ಗುರುತು ತೋರಿಸಿದಳು.

“ಜೀವ ಉಳಿಸ್ಬೇಕು ಅಂದ್ರೆ ಆ ಕಿಡ್ನಿ ಮಾತ್ರೆ ನಿಲ್ಲಿಸ್ಬೇಕು. ನಿಲ್ಲಿಸಿದ್ರೆ ಕಿಡ್ನಿ ಹೋಗುತ್ತೆ. ಜೀವದ ಮಾತೂ ಗಟ್ಟಿಯಾಗಿ ಹೇಳೋಕಾಗಲ್ಲ.”

ಕಿಡ್ನಿ ಹೋಯಿತು. ಮಗಳನ್ನು ರಕ್ತ ಶುದ್ಧಿ ಮಾಡುವ ಯಂತ್ರಕ್ಕೆ ಹಾಕಿದರು. ಬಟ್ಟೆ ತರಲೆಂದು ಬಕೆಟ್ಟಮ್ಮ ರೂಮಿಗೆ ಬಂದಾಗ ಅಂಗಳದಲ್ಲಿ ದೊಡ್ಡ ಕಾರು ನಿಂತಿತ್ತು. ಕೊಳ್ಳಲು ಬಂದ ಗಂಡಹೆಂಡತಿ ಮರಿಯೊಂದನ್ನು ಮುದ್ದಿಸುತ್ತಿದ್ದರು. ಅವಳು ನೇರ ಅವರ ಮುಂದೆ ಹೋಗಿ ನಿಂತಳು.

“ಇಲ್ಲಿರೋ ಉಣ್ಣಿ ಕಚ್ಚಿ ನನ್ನ ಮಗಳು ಸಾಯ್ತಿದಾಳೆ. ನಾನು ಕೊಟ್ಟ ಕಿಡ್ನೀನೂ ಸತ್ತುಹೋಯ್ತು. ಔಷಧಿ ಹೊಡೀರಿ ಅಂದ್ರೆ ಈ ಬೋಳಿಮಗ ಹೊಡೀಲಿಲ್ಲ.”

ಯಜಮಾನನ ಕೈ ಅವಳ ಕೆನ್ನೆಗೆ ಬಿತ್ತು. “ಮಗಳಿಗೆ ಹುಷಾರಿಲ್ಲ, ಇವಳಿಗೆ ತಲೆ ಕೆಟ್ಟಿದೆ,” ಅಂದ ಅವರಿಗೆ.

ಹೆಂಗಸು ಮರಿಯನ್ನು ಮೈಯಿಂದ ದೂರ ಹಿಡಿದು ಅದರ ಕಿವಿ ಮಗುಚಿ ನೋಡಿದಳು. ಗಂಡ ಸಮಾಧಾನ ಹೇಳಿದ: “ಒಂದೆರಡು ಇರುತ್ತೆ ಬಿಡೇ. ಮನೆಗೆ ಹೋದ್ಮೇಲೆ ಡ್ರೈವರ್ ಕೈಲಿ ಕೀಳಿಸಿದ್ರಾಯ್ತು.”

ಕಾರಿನ ಪಕ್ಕ ನಿಂತಿದ್ದ ಡ್ರೈವರ್ ಮುಂದೆ ಬಂದು ಮರಿಯನ್ನು ಇಸಿದುಕೊಂಡ. ಮುಂದಿನ ಸೀಟಿನಲ್ಲಿ, ತನ್ನ ಪಕ್ಕದಲ್ಲೇ ಮಲಗಿಸಿಕೊಂಡ.

ಕಾರು ತಿರುಗುವಷ್ಟರಲ್ಲಿ ಬಕೆಟ್ಟಮ್ಮ ಗೇಟಿನ ನಡುವೆ ಹೋಗಿ ಚಕ್ಕಳಮಕ್ಕಳ ಹಾಕಿ ಕೂತಿದ್ದಳು. ಹಾರನ್ ಆಯಿತು. ಯಜಮಾನ ಅವಳ ಜುಟ್ಟಿಗೆ ಕೈ ಹಾಕಿ ಎಳೆದ. ಅವಳು ಎರಡೂ ಕೈಯಲ್ಲಿ ಗೇಟಿನ ಸರಳು ಹಿಡಿದಿದ್ದಳು. ಸೀರೆ ಹರಿಯಿತು, ಕೈ ಬಿಡಲಿಲ್ಲ.

“ಉಣ್ಣಿ ಕೀಳೋ ಇವ್ನಿಗೂ ಹೆಂಡ್ರು ಮಕ್ಕಳಿಲ್ವೇನ್ರೋ?” ಎಂದಳು ಡ್ರೈವರನ ಕಡೆ ತೋರಿಸಿ.

ಹಿಂದಿನ ಸೀಟಿನಿಂದ ಗಂಡನ ದನಿ ಬಂತು. “ಹಾರನ್ ಹೊಡಿಯೋ, ನಿಲ್ಲಿಸ್ಬೇಡ. ಹಾಗೇ ಮುಂದೆ ಬಿಡು, ಏಳ್ತಾಳೆ.”

ಡ್ರೈವರನ ಕೈ ಗೇರಿನ ಮೇಲಿತ್ತು. ಕಾರು ಒಂದು ಗೇಣು ಮುಂದೆ ಬಂತು. ಇಂಜಿನ್ನಿನ ಬಿಸಿ ಅವಳ ಮುಖಕ್ಕೆ ಹೊಡೆಯಿತು. ಅವಳು ಏಳಲಿಲ್ಲ.