ಕಾಲರಿನ ಕಾಗದ

“ಆ ಹಾಳು ಕಾಗದ ಎಲ್ಲಿ ಹೋಗಿ ಕೂತಿದೆ?”

ಟೈಲರಮ್ಮ ಕೇಳಿದ್ದು ಗೋಡೆಯನ್ನು. ತುಂಬಿದ ಬಸುರಿ, ಖಾಲಿ ಮಾಡಿದ ಪೆಟ್ಟಿಗೆಯ ಮುಂದೆ ಕೂತಿದ್ದಳು.

ಬೆಳಿಗ್ಗೆ ಡಾಕ್ಟರಮ್ಮ ಕಡ್ಡಿ ಮುರಿದಂತೆ ಹೇಳಿದ್ದರು: “ನೋಡಮ್ಮ, ಹೋದ ಸಲ ಮಗು ಅಡಿಮೇಲಾಗಿ ಕೂತಿತ್ತು ಅಂತ ಸಿಸೇರಿಯನ್ ಆಯ್ತು. ಈ ಸಲ ತಲೆ ಕೆಳಗಿದೆ, ಮೂರು ವರ್ಷದ ಅಂತರಾನೂ ಇದೆ. ಸಹಜ ಹೆರಿಗೆಗೆ ಪ್ರಯತ್ನ ಮಾಡಬಹುದು. ಆದ್ರೆ ಗರ್ಭಕೋಶಾನ ಅಡ್ಡ ಕೊಯ್ದಿದ್ರಾ, ಉದ್ದಾನಾ? ಉದ್ದ ಆಗಿದ್ರೆ ನೋವಿನಲ್ಲಿ ಬಿರಿಯೋ ಭಯ. ಹಳೇ ಆಪರೇಷನ್ ಕಾಗದ ತಾ. ಇಲ್ಲಾಂದ್ರೆ ಸೋಮವಾರ ಆಪರೇಷನ್.”

“ಹೊಟ್ಟೆ ಮೇಲಿನ ಗೆರೆ ಅಡ್ಡಾನೇ ಇದೆಯಲ್ಲ?” ಎಂದಿದ್ದ ಗಂಡ.

“ಮೇಲಿನ ಹೊಲಿಗೆ ನೋಡಿ ಒಳಗಿನ ಲೈನಿಂಗ್ ಹೇಳಕ್ಕಾಗುತ್ತೇನ್ರೀ?” ಅಂದಿದ್ದಳು ಟೈಲರಮ್ಮ.

ಹಳೇ ಆಸ್ಪತ್ರೆ ಬಾಗಿಲು ಮುಚ್ಚಿ ವರ್ಷವಾಗಿತ್ತು, ನಕಲು ಸಿಗುವಂತಿರಲಿಲ್ಲ. ಮೊದಲ ಹೆರಿಗೆಯಲ್ಲಿ ಅವಳಿಗೆ ಎಚ್ಚರವಾಗುವಷ್ಟರಲ್ಲಿ ಮಗಳು ಅತ್ತೆ, ನಾದಿನಿ, ಪಕ್ಕದ ಮಂಚದವರು ಎಂದು ಆರು ಮಡಿಲು ಸುತ್ತಿ ಬಂದಿದ್ದಳು. ಹೆತ್ತವಳದು ಏಳನೇ ಸರದಿ. ಈ ಸಲ ಮೊದಲ ಸರದಿ ತನ್ನದಾಗಲಿ. ದೇವರಲ್ಲಿ ಅವಳು ಬೇಡಿದ್ದು ಅಷ್ಟೇ.

ಅಂಗಡಿಯಲ್ಲಿ ಬಟ್ಟೆ ಕತ್ತರಿಸುವುದು ಅತ್ತೆಯ ಕೆಲಸ, ಹೊಲಿಯುವುದು ಸೊಸೆಯದು. ಅತ್ತೆ ಕತ್ತರಿ ಕೆಳಗಿಟ್ಟರು.

“ನೀಲಿ ಗೆರೆಯ ಗಟ್ಟಿ ಕಾಗದಾನಾ?”

“ಹೌದು, ಯಾಕೆ?”

ಅತ್ತೆ ಎದ್ದರು. ಮೊಳೆಗೆ ಸಿಕ್ಕಿಸಿದ್ದ ಅಳತೆ ಕಾಗದಗಳ ಗೊಂಚಲನ್ನು ಇಳಿಸಿದರು. ಪುಟ್ಟ ಅಂಗಿಯ ತೋಳು, ಜೇಬು, ಕಾಲರಿನ ಆಕಾರದ ಚೂರುಗಳು. ಎಲ್ಲದರ ಬೆನ್ನಲ್ಲೂ ಆಸ್ಪತ್ರೆಯ ಅಕ್ಷರ.

“ಒಳ್ಳೇ ಗಟ್ಟಿ ಇದೆ ಅಂತ ಕತ್ತರಿಸಿಬಿಟ್ಟೆ ಕಣೇ...”

“ಕಂಕುಳಲ್ಲಿ ಕೂಸಿಟ್ಕೊಂಡು ಊರೆಲ್ಲ ಹುಡುಕಿದ್ವಲ್ಲ ಅತ್ತೆ!”

ಅತ್ತೆ ಸೊಸೆ ನೆಲದ ಮೇಲೆ ಚೂರುಗಳನ್ನು ಹೊಂದಿಸಿ ಗುಂಡುಸೂಜಿ ಚುಚ್ಚಿದರು. ತೋಳಿನಲ್ಲಿ ಅವಳ ಹೆಸರು, ಜೇಬಿನಲ್ಲಿ ತಾರೀಖು. ಕಾಲರಿನ ಬಾಗಿನಲ್ಲಿತ್ತು ಬೇಕಾದ ಸಾಲು: ಗರ್ಭಕೋಶದ ಕೆಳಭಾಗದಲ್ಲಿ, ಅಡ್ಡಲಾಗಿ.

ಡಾಕ್ಟರಮ್ಮ ಅದನ್ನು ಓದಿ ನಕ್ಕರು. “ಅಳತೆ ಸರಿಯಾಗಿದೆ. ನೋವು ತಾನಾಗೇ ಬರಲಿ. ಮಗುವಿನ ಎದೆಬಡಿತ ತಪ್ಪಿದ್ರೆ ಮಾತ್ರ ಆಪರೇಷನ್. ಆಗ ಹಟ ಮಾಡಬಾರದು.”

“ಮಾಡಲ್ಲ.”

ಭಾನುವಾರ ಬೆಳಗಿನಲ್ಲೇ ನೋವು ಬಂತು. ಹೊಟ್ಟೆಗೆ ಕಟ್ಟಿದ ಯಂತ್ರ ಮಗುವಿನ ಎದೆಬಡಿತವನ್ನು ಹೊಲಿಗೆ ಮಷಿನ್ನಿನಂತೆ ಟಕಟಕ ನುಡಿಸುತ್ತಿತ್ತು. ಅತ್ತೆ ತಲೆದೆಸೆಯಲ್ಲಿ ನಿಂತು ಬಾಯಿಪಾಠದ ಪದ್ಯ ಹೇಳಿದರು, ಒಂದು ನೋವಿಗೆ ಒಂದು ಪದ್ಯ.

“ಪದ್ಯ ಮುಗೀತು, ನೋವು ಮುಗೀಲಿಲ್ಲ ಅತ್ತೆ!”

“ಮೊದಲಿಂದ ಹೇಳ್ತೀನಿ ಬಿಡು.”

ಮಧ್ಯಾಹ್ನ ಒಮ್ಮೆ ಟಕಟಕ ನಿಧಾನವಾಯಿತು. ಪದ್ಯ ಅರ್ಧಕ್ಕೆ ನಿಂತಿತು. “ಎಡಕ್ಕೆ ಹೊರಳು,” ಎಂದರು ಡಾಕ್ಟರಮ್ಮ. ಹೊರಳಿದಳು. ಒಂದು ಉಸಿರು, ಎರಡು ಉಸಿರು. ದಾರ ಕಡಿದಿರಲಿಲ್ಲ, ಬಡಿತ ಮತ್ತೆ ಓಡಿತು.

ಮೂರು ಗಂಟೆಗೆ ಅವಳ ಕೂಗು ಕೋಣೆ ತುಂಬಿತು. ಅದರ ಬೆನ್ನಿಗೇ ಇನ್ನೊಂದು ಕೂಗು, ಎಳೆಯದು. ಒದ್ದೆ ಮೈಯ ಬಿಸಿ ಗಂಟೊಂದು ನೇರ ಅವಳ ಎದೆಗೆ ಬಂದು ಬಿತ್ತು.

ಅತ್ತೆ ಕಣ್ಣೊರೆಸಿಕೊಂಡು ಎರಡೂ ಕೈ ಚಾಚಿದರು. “ಒಂದೇ ಒಂದು ಗಳಿಗೆ ಕೊಡೇ. ಕಾಗದ ಹುಡುಕಿಕೊಟ್ಟಿದ್ದು ನಾನಲ್ವಾ?”

“ಕತ್ತರಿಸಿದ್ದೂ ನೀವೇ,” ಅವಳು ಮಗುವನ್ನು ಇನ್ನಷ್ಟು ಅವಚಿಕೊಂಡಳು. “ಕೊಡಲ್ಲ.”